‘ಅಲ್ಲೇ ಉಳಿಯುತ್ತದೆ’ ಎಂದಿರಿ, ಎಷ್ಟು ಹೊತ್ತು?

ನಮಸ್ಕಾರ. ಸಂಧಿವಾತದವರ ಕೀಲಿನೊಳಕ್ಕೇ ಬಯೊಲಾಜಿಕ್ (ಜೀವಕೋಶಗಳಿಂದ ತಯಾರಿಸಿದ ಪ್ರೋಟೀನು ಮದ್ದು) ಚುಚ್ಚುವ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಭಾಷೆ ತಿಳಿಯಾಗಿದೆ, ಬೆಳಗಿನ ಬಿಗಿತದ ವರ್ಣನೆಯೂ ಸರಿ. ಎರಡನೇ ಪುಟಕ್ಕೆ ಬಂದಾಗ ಮಾತ್ರ ಸಿಟ್ಟು ಬಂತು.

ಇನ್‌ಫ್ಲಿಕ್ಸಿಮ್ಯಾಬ್ ಎಂಬ ಬಯೊಲಾಜಿಕ್ ಬಗ್ಗೆ ಬರೆದಿದ್ದೀರಿ: ‘ಇನ್‌ಫ್ಲಿಕ್ಸಿಮ್ಯಾಬ್ ಮಂಡಿಗೇ ಕೊಟ್ಟರೆ ಅಲ್ಲೇ ಉಳಿಯುತ್ತದೆ, ಮೈಗೆ ಹರಡುವುದಿಲ್ಲ.’ ಕರಡು ತಿದ್ದಲು ಕಲಿಯುತ್ತಿದ್ದಾಗ ನಮ್ಮ ಹಿರಿಯರು ಇಂಥ ‘ಅಲ್ಲೇ’ ಕಂಡರೆ ಪಕ್ಕದಲ್ಲಿ ‘ಎಷ್ಟು ಹೊತ್ತು?’ ಎಂದು ಗೀಚುತ್ತಿದ್ದರು. ಅದನ್ನೇ ಕೇಳುತ್ತೇನೆ. ಕೀಲಿಗೆ ಸಾಮಾನ್ಯವಾಗಿ ಚುಚ್ಚುವ ಟ್ರಯಾಮ್ಸಿನೋಲೋನ್ ಸ್ಟೆರಾಯ್ಡ್ ಸುಲಭಕ್ಕೆ ಕರಗದ ಹರಳು. ಮಂಡಿಗೆ ಹಾಕಿದ 40 ಮಿ.ಗ್ರಾಂ ನಿಧಾನವಾಗಿ ಕರಗುತ್ತಾ ವಾರಗಟ್ಟಲೆ ಕೆಲಸ ಮಾಡುತ್ತದೆ. ಇನ್‌ಫ್ಲಿಕ್ಸಿಮ್ಯಾಬ್ ಕರಗಿದ ಪ್ರೋಟೀನು. ದುಗ್ಧನಾಳಗಳ (ಅಂಗಾಂಶಗಳ ನೀರನ್ನು ರಕ್ತಕ್ಕೆ ಮರಳಿಸುವ ನಾಳಗಳ) ಹಾದಿ ಹಿಡಿದು ಬೇಗನೆ ರಕ್ತ ಸೇರುತ್ತದೆ. ಮೈಯಲ್ಲಿ ಅಡಗಿದ ಕ್ಷಯವನ್ನು ಈ ಮದ್ದು ಕೆರಳಿಸಬಹುದು; ಹಾಗಾಗಿ ಕ್ಷಯದ ತಪಾಸಣೆಗೆ ಇಲ್ಲೂ ವಿನಾಯಿತಿಯಿಲ್ಲ. ನೀವು ‘ಕ್ಷಯ’ ಎಂಬ ಪದವನ್ನೇ ಎತ್ತಿಲ್ಲ. ಒಪ್ಪಿಗೆಯಿರುವ ದಾರಿ ಬೇರೆ ಎಂಬುದನ್ನೂ ಬರೆದಿಲ್ಲ: ರುಮಟಾಯ್ಡ್ ಸಂಧಿವಾತಕ್ಕೆ ಇದನ್ನು ರಕ್ತನಾಳಕ್ಕೆ, ಕೆ.ಜಿ. ತೂಕಕ್ಕೆ 3 ಮಿ.ಗ್ರಾಂ ಲೆಕ್ಕದಲ್ಲಿ, ಮೊದಲ ದಿನ, 2ನೇ, 6ನೇ ವಾರ, ಆಮೇಲೆ 8 ವಾರಕ್ಕೊಮ್ಮೆ ಏರಿಸುತ್ತಾರೆ. ಕೀಲಿಗೆ ಕೊಟ್ಟು ನೋಡಿದ ಸಣ್ಣ ಪ್ರಯೋಗಗಳಲ್ಲಿ ಸ್ಟೆರಾಯ್ಡ್‌ಗಿಂತ ಮೇಲೆಂದು ಸಾಬೀತಾಗಿಲ್ಲ.

‘100 ಮಿ.ಗ್ರಾಂ ಪುಡಿಗೆ ನೀರು ಬೆರೆಸಿ ಚೆನ್ನಾಗಿ ಕುಲುಕಿ.’ ಅಯ್ಯೋ, ಇದು ಕೆಮ್ಮಿನ ಸಿರಪ್ಪೇ? ಇಂಜೆಕ್ಷನ್‌ಗೆಂದೇ ಇರುವ ಶುದ್ಧ ನೀರು 10 ಮಿ.ಲೀ. ತೆಗೆದು, ಬಾಟಲಿಯ ಗೋಡೆಗುಂಟ ಇಳಿಬಿಟ್ಟು, ಮೆಲ್ಲಗೆ ತಿರುಗಿಸಿ, 5 ನಿಮಿಷ ಇಡಬೇಕು. ಕುಲುಕಿದರೆ ನೊರೆಯೆದ್ದು ಪ್ರೋಟೀನು ಗಂಟುಕಟ್ಟುತ್ತದೆ. ‘ಬೆರಳ ಕೀಲಿಗೂ ಇಷ್ಟೇ’ ಎಂದು ಬೇರೆ ಸೇರಿಸಿದ್ದೀರಿ. 10 ಮಿ.ಲೀ. ಮಂಡಿಗೆ ಹಿಡಿಸೀತು, ಬೆರಳ ಗಂಟಿಗೆ 1 ಮಿ.ಲೀ. ಕೂಡ ಹೆಚ್ಚು.

‘ಊದಿದ ಮಂಡಿಗೆ ಸೂಜಿ ಚುಚ್ಚಿದರು.’ ಔಷಧಿ ಹಾಕುವ ಮೊದಲು ಕೀಲಿನಲ್ಲಿ ತುಂಬಿದ ನೀರು ತೆಗೆಯಬೇಕಲ್ಲ! ಚರ್ಮಕ್ಕೆ ಕ್ಲೋರ್‌ಹೆಕ್ಸಿಡಿನ್ ಹಚ್ಚಿ, ಆರಲು ಬಿಟ್ಟು, 21 ಗೇಜ್ ಸೂಜಿಯಲ್ಲಿ ಆ ನೀರು ಹೀರುತ್ತಾರೆ. ಅದು ಮಸುಕಾಗಿದ್ದರೆ, ಕೀವಿನಂತಿದ್ದರೆ ಔಷಧಿ ಹಾಕದೆ ಕಣ ಎಣಿಕೆಗೆ, ಗ್ರಾಂ ಸ್ಟೇನ್‌ಗೆ (ಬಣ್ಣ ಹಾಕಿ ಬ್ಯಾಕ್ಟೀರಿಯಾ ಹುಡುಕುವ ಪರೀಕ್ಷೆ), ಕಲ್ಚರ್‌ಗೆ (ರೋಗಾಣು ಬೆಳೆಸಿ ನೋಡುವುದು) ಕಳಿಸಬೇಕು. ಸೋಂಕು ತಗುಲಿದ ಕೀಲಿಗೆ ಟಿಎನ್‌ಎಫ್ ಎಂಬ ಉರಿಯೂತದ ಪ್ರೋಟೀನನ್ನು ತಡೆಯುವ ಈ ಮದ್ದು ಸುರಿದರೆ, ಸೋಂಕಿನೊಡನೆ ಕಾದಾಡುವ ರೋಗನಿರೋಧಕ ಶಕ್ತಿಯ ಕೈ ಕಟ್ಟಿದಂತೆ. ನೀರು ತಿಳಿಯಾಗಿದ್ದರೆ ಸೂಜಿ ಅಲ್ಲೇ ಇರಲಿ, ಸಿರಿಂಜ್ ಮಾತ್ರ ಬದಲಾಗಲಿ. ಒತ್ತಿದಾಗ ತಡೆ ಸಿಕ್ಕರೆ ತುದಿ ಕೀಲಿನ ಪೊಳ್ಳಿನಲ್ಲಿಲ್ಲ ಎಂದರ್ಥ; ನಿಲ್ಲಿಸಿ ಸರಿಪಡಿಸಿಕೊಳ್ಳುತ್ತಾರೆ.

ಚಿತ್ರವನ್ನೂ ಬದಲಿಸಿ. ಅದರಲ್ಲಿ ಸೂಜಿ ಮಂಡಿಚಿಪ್ಪಿನ ನಟ್ಟನಡುವೆ ನಿಂತಿದೆ. ಅಲ್ಲಿರುವುದು ಮೂಳೆ.