ಚಿಪ್ಪು ನೋಡಿ ಕೆಸರಿನ ವಯಸ್ಸು ಹೇಳುವುದು ಹೇಗೆ?

ಚಿಪ್ಪಿನ ಮೇಲೆ ತಾರೀಖು ಇರುವುದಿಲ್ಲ, ಮತ್ತೆ ಅದರಿಂದ ಸಮುದ್ರದ ಕೆಸರಿನ ವಯಸ್ಸು ಹೇಗೆ ಗೊತ್ತಾಗುತ್ತೆ ಅಂತ ಕೇಳಿದ್ದೀರಿ. ನ್ಯಾಯವಾದ ಪ್ರಶ್ನೆ.

ಸುಮಾರು 50,000 ವರ್ಷದವರೆಗೆ ಚಿಪ್ಪಿನ ಕಾರ್ಬನ್ ಅಳೆದೇ ಹೇಳಬಹುದು. ಅದಕ್ಕಿಂತ ಹಳೆಯದಾದರೆ ಯಾವ ಜಾತಿ ಇದೆ, ಯಾವುದು ಇಲ್ಲ ಎಂದು ನೋಡುತ್ತಾರೆ. ಫೋರಾಮಿನಿಫೆರಾ ಎಂಬ ಚಿಪ್ಪಿರುವ ಏಕಕೋಶ ಜೀವಿಗಳಲ್ಲಿ ತೇಲುವ ಬಗೆಗಳು ಸಾಗರದ ಉದ್ದಗಲಕ್ಕೂ ಹರಡುತ್ತವೆ. ದೂರದೂರದ ಪದರಗಳನ್ನು ಹೋಲಿಸಲು ಅದಕ್ಕೇ ಅವು ಇಷ್ಟು ಉಪಯುಕ್ತ.

ನನಗೆ ತುಂಬಾ ಇಷ್ಟವಾದ ಉದಾಹರಣೆ ಗ್ಲೋಬಿಜೆರಿನಾಯ್ಡಿಸ್ ರೂಬರ್ ಎಂಬ ಫೋರಾಮಿನಿಫೆರಾ ಜಾತಿ. ಇದರ ಗುಲಾಬಿ ಬಣ್ಣದ ಬಗೆ ಹಿಂದೂ ಮಹಾಸಾಗರ ಮತ್ತು ಪೆಸಿಫಿಕ್‌ನಲ್ಲಿ ಸುಮಾರು 1,20,000 ವರ್ಷಗಳ ಹಿಂದೆ ಕಾಣೆಯಾಯಿತು. ಅಟ್ಲಾಂಟಿಕ್‌ನಲ್ಲಿ ಇವತ್ತಿಗೂ ಬದುಕಿದೆ! ಹಾಗಾಗಿ ಹಿಂದೂ ಮಹಾಸಾಗರದ ಕೆಸರನ್ನು ಕೊರೆದಾಗ ಗುಲಾಬಿ ಚಿಪ್ಪು ಕಾಣಿಸಿಕೊಂಡರೆ, ಆ ಪದರಕ್ಕೆ ಕಡಿಮೆ ಅಂದರೂ ಅಷ್ಟು ವಯಸ್ಸಾಗಿದೆ ಎಂದರ್ಥ.

ಇನ್ನು ವರ್ಷದ ಲೆಕ್ಕ ಬರುವುದು ಬೇರೆ ಕಡೆಯಿಂದ. ಜ್ವಾಲಾಮುಖಿಯ ಬೂದಿ, ಚಿಪ್ಪಿನಲ್ಲಿರುವ ಆಕ್ಸಿಜನ್‌ನ ಭಾರದ ಮತ್ತು ಹಗುರ ಬಗೆಗಳ (ಐಸೋಟೋಪ್) ಅನುಪಾತದ ಏರಿಳಿತ, ಭೂಮಿಯ ಕಾಂತಧ್ರುವಗಳು ಅದಲುಬದಲಾದ ಗುರುತು (ತೀರಾ ಈಚಿನದು ಸುಮಾರು 7,80,000 ವರ್ಷ ಹಿಂದಿನದು), ಇವನ್ನೆಲ್ಲ ಜೋಡಿಸುತ್ತಾರೆ.

ಒಂದು ಎಚ್ಚರಿಕೆ. ಹಳೆಯ ಚಿಪ್ಪು ಕೊಚ್ಚಿಕೊಂಡು ಬಂದು ಹೊಸ ಪದರದಲ್ಲಿ ಸೇರಿರಬಹುದು. ಸುಮ್ನೆ ಒಂದು ಚಿಪ್ಪು ನೋಡಿ ತೀರ್ಮಾನಿಸಬೇಡಿ, ಇಡೀ ಗುಂಪನ್ನು ನೋಡಿ.