ಕಾಲುಗುರು ಮತ್ತೆ ಮತ್ತೆ ಕೀವು ಕಟ್ಟುತ್ತಿದೆ

ಪ್ರಶ್ನೆ: ನನಗೆ 24 ವರ್ಷ. ಎಡಗಾಲಿನ ಹೆಬ್ಬೆರಳಿನ ಉಗುರು ಪಕ್ಕದ ಮಾಂಸಕ್ಕೆ ಚುಚ್ಚಿಕೊಂಡು ಪದೇ ಪದೇ ಕೀವಾಗುತ್ತದೆ. ಆಂಟಿಬಯಾಟಿಕ್ ತೆಗೆದುಕೊಂಡರೆ, ಇಲ್ಲವೇ ಮೂಲೆಯನ್ನು ಆಳಕ್ಕೆ ಕತ್ತರಿಸಿದರೆ ಹಾಯೆನಿಸುತ್ತದೆ. ಎರಡು ತಿಂಗಳಿಗೆ ಮತ್ತೆ ಅದೇ ಪಾಡು. ಒಮ್ಮೆ ಇಡೀ ಉಗುರನ್ನೇ ತೆಗೆಸಿದ್ದೂ ಆಯಿತು. ಶಾಶ್ವತ ಪರಿಹಾರವಿಲ್ಲವೇ?

ಉತ್ತರ: ಇದೆ. ಆದರೆ ಮೊದಲು ಆ ಮೂಲೆ ಕತ್ತರಿಸುವುದನ್ನು ಬಿಡಿ. ನೇಲ್ ಕಟರ್ ತಲುಪದ ಒಳಗಡೆ ಮುಳ್ಳಿನಂಥ ಚೂರೊಂದು ಉಳಿದುಬಿಡುತ್ತದೆ. ಹೆಬ್ಬೆರಳಿನ ಉಗುರು ತಿಂಗಳಿಗೆ ಸುಮಾರು ಒಂದೂವರೆ ಮಿಲಿಮೀಟರ್ ಬೆಳೆಯುತ್ತದೆ. ಎರಡು ತಿಂಗಳಲ್ಲಿ ಆ ಮುಳ್ಳು ಮೂರು ಮಿಲಿಮೀಟರ್ ಮುಂದೆ ಬಂದು ಮಾಂಸಕ್ಕೆ ನಾಟುತ್ತದೆ. ಮುಳ್ಳನ್ನು ಒಳಗೇ ಇಟ್ಟುಕೊಂಡು ಮಾತ್ರೆ ನುಂಗಿದರೆ ಬಾವು ಇಳಿದೀತು, ಕಾರಣ ಹೋಗದು. ಕೆಂಪು ಬಣ್ಣ ಬೆರಳನ್ನು ದಾಟಿ ಪಾದಕ್ಕೆ ಹಬ್ಬಿದರೆ ಅಥವಾ ಜ್ವರ ಬಂದರೆ ಆಂಟಿಬಯಾಟಿಕ್ ಬೇಕೇ ಬೇಕು. ಆಗ ಅದೇ ದಿನ ಡಾಕ್ಟರಲ್ಲಿಗೆ ಹೋಗಿ.

ಇಡೀ ಉಗುರು ಕೀಳಿಸಿದರೂ ಅದು ಹುಟ್ಟುವ ಬುಡ ಹಾಗೆಯೇ ಇರುತ್ತದೆ. 12ರಿಂದ 18 ತಿಂಗಳಲ್ಲಿ ಅಷ್ಟೇ ಅಗಲದ ಉಗುರು ವಾಪಸು ಬರುತ್ತದೆ. ಅಷ್ಟರಲ್ಲಿ ಬೆರಳ ತುದಿಯ ಮಾಂಸ ಮೇಲೆದ್ದು ಅದರ ದಾರಿಗೆ ಅಡ್ಡ ನಿಂತಿರುವುದೂ ಉಂಟು. ಇನ್ನೊಮ್ಮೆ ಹಾಗೆ ಮಾಡಿಸಬೇಡಿ.

ನಿಮಗೆ ಬೇಕಾದದ್ದು ಚುಚ್ಚುವ ಅಂಚನ್ನಷ್ಟೇ ತೆಗೆದು, ಆ ಅಂಚಿನ ಬುಡವನ್ನು ಫೀನಾಲ್ ಎಂಬ ರಾಸಾಯನಿಕದಿಂದ ಸುಡುವ ಚಿಕಿತ್ಸೆ. ಆಸ್ಪತ್ರೆಯಲ್ಲಿ ಉಳಿಯಬೇಕಿಲ್ಲ. ಬೆರಳಿನ ಬುಡದ ಎರಡೂ ಬದಿಗೆ ಮರಗಟ್ಟಿಸುವ ಲಿಡೊಕೇನ್ ಇಂಜೆಕ್ಷನ್ ಕೊಡುತ್ತಾರೆ. ನೋಯುವುದು ಹೆಚ್ಚಾಗಿ ಅದೊಂದೇ. ರಕ್ತ ಬೆರೆತರೆ ಫೀನಾಲ್ ಕಸುವು ಕಳೆದುಕೊಳ್ಳುವುದರಿಂದ ಬೆರಳಿಗೆ ರಬ್ಬರ್ ಪಟ್ಟಿ ಬಿಗಿಯುತ್ತಾರೆ. ಅಂಚಿನಿಂದ ಮೂರು-ನಾಲ್ಕು ಮಿಲಿಮೀಟರ್ ಅಗಲದ ಪಟ್ಟಿಯನ್ನು ಚರ್ಮದ ಕೆಳಗಿನ ಬುಡದವರೆಗೂ ಸೀಳಿ ಎಳೆದು ತೆಗೆಯುತ್ತಾರೆ. ಪಕ್ಕದಲ್ಲಿ ದುರ್ಮಾಂಸ ಬೆಳೆದಿದ್ದರೆ ಅದನ್ನೂ ಕೆರೆದು ತೆಗೆದು, ಸುಮಾರು 80ರಿಂದ 90 ಶೇಕಡಾ ಸಾಂದ್ರತೆಯ ಫೀನಾಲ್‌ನಲ್ಲಿ ಅದ್ದಿದ ಹತ್ತಿಯನ್ನು ಬುಡದ ಮೂಲೆಗೆ ಒಟ್ಟು ಎರಡು-ಮೂರು ನಿಮಿಷ ಒತ್ತಿ ಹಿಡಿಯುತ್ತಾರೆ. ಮನೆಯಲ್ಲಿ ಪ್ರಯತ್ನಿಸುವ ಕೆಲಸ ಇದಲ್ಲ, ಫೀನಾಲ್ ಒಳ್ಳೆಯ ಚರ್ಮವನ್ನೂ ಸುಡುತ್ತದೆ.

ಆಮೇಲೆ ಎರಡರಿಂದ ಆರು ವಾರ ತೆಳ್ಳನೆಯ ನೀರು ಒಸರುತ್ತದೆ. ಸುಟ್ಟ ಗಾಯ ಮಾಯುವ ರೀತಿಯೇ ಅದು. ಇದನ್ನೇ ಕೀವೆಂದು ಗಾಬರಿಯಾಗುವವರು ಬಹಳ. ನೋವು ದಿನದಿನಕ್ಕೆ ಇಳಿಯುತ್ತಿದ್ದರೆ ಚಿಂತೆಯಿಲ್ಲ, ಏರುತ್ತಿದ್ದರೆ ತೋರಿಸಿ. ದಿನವೂ ತೊಳೆದು ಹೊಸ ಡ್ರೆಸ್ಸಿಂಗ್ ಹಾಕಿ, ಬೆರಳಿಗೆ ತಗಲದ ಚಪ್ಪಲಿ ಧರಿಸಿ. ಉಗುರು ಮುಂದೆ ಸ್ವಲ್ಪ ಕಿರಿದಾಗಿಯೇ ಇರುತ್ತದೆ. ಬುಡದ ಮೂಲೆಯಲ್ಲಿ ಚೂರು ಜೀವ ಉಳಿದಿದ್ದರೆ ಸಣ್ಣ ಕಡ್ಡಿಯಂತೆ ಮತ್ತೆ ಬೆಳೆಯಬಹುದು, ಆದರೆ ಬರೀ ಉಗುರು ತೆಗೆಸಿದಾಗ ಮರುಕಳಿಸುವುದಕ್ಕೆ ಹೋಲಿಸಿದರೆ ಇದು ಬಹಳ ಕಡಿಮೆ.

ಈ ಚಿಕಿತ್ಸೆ ಮಾಡಿಸುವವರೆಗೆ ದಿನಕ್ಕೆ ಎರಡು-ಮೂರು ಸಲ, 15 ನಿಮಿಷ ಉಗುರುಬೆಚ್ಚಗಿನ ಉಪ್ಪುನೀರಿನಲ್ಲಿ ಪಾದ ಇಟ್ಟು ಚೆನ್ನಾಗಿ ಒರೆಸಿ. ಅಂಟುಪಟ್ಟಿಯ ಒಂದು ತುದಿಯನ್ನು ಉಗುರಿನ ಪಕ್ಕದ ಮಾಂಸಕ್ಕೆ ಅಂಟಿಸಿ, ಮಾಂಸ ಉಗುರಿನಿಂದ ದೂರ ಸರಿಯುವಂತೆ ಎಳೆದು, ಬೆರಳಿನ ಅಡಿಯಿಂದ ಓರೆಯಾಗಿ ಸುತ್ತಿ. ಬೆರಳು ನೀಲಿಗಟ್ಟುವಷ್ಟು ಬಿಗಿ ಬೇಡ. ಕೀವು ಒಸರುವಾಗ ಪಟ್ಟಿ ಅಂಟುವುದೇ ಇಲ್ಲ, ಒಣಗಿದ ಮೇಲೆ ಹಾಕಿ. ಉಗುರನ್ನು ನೇರಕ್ಕೆ ಕತ್ತರಿಸಿ, ಎರಡೂ ಮೂಲೆ ಚರ್ಮದ ಮೇಲೆ ಕಾಣುತ್ತಿರಬೇಕು.

ಪ್ರಶ್ನೆ: ಅಮ್ಮನಿಗೆ ಸಕ್ಕರೆ ಕಾಯಿಲೆ. ಅವರಿಗೂ ಇದೇ ತೊಂದರೆ. ಮನೆಮದ್ದು ಸಾಕೇ?

ಉತ್ತರ: ಸಾಲದು. ಅವರ ಉಗುರಿಗೆ ಮನೆಯಲ್ಲಿ ಕತ್ತರಿ ತಾಗಿಸದೆ ಮೊದಲೇ ಡಾಕ್ಟರಿಗೆ ತೋರಿಸಿ. ಕಾಲಿಗೆ ರಕ್ತ ಸರಿಯಾಗಿ ಹರಿಯುತ್ತಿದೆಯೇ ಎಂದು ನೋಡಿಯೇ ಫೀನಾಲ್ ಚಿಕಿತ್ಸೆಗೆ ಕೈಹಾಕುತ್ತಾರೆ. ಹರಿವು ಕಡಿಮೆಯಿದ್ದರೆ ಆ ಗಾಯ ಮಾಯುವುದಿಲ್ಲ. ವಾರಗಟ್ಟಲೆ ಮಾಯದ ಹುಣ್ಣಿದ್ದರೆ ಮೂಳೆಗೆ ಸೋಂಕು ತಗಲಿದೆಯೇ ಎಂದು ಎಕ್ಸ್‌ರೇ ಮಾಡಿಸಬೇಕಾಗುತ್ತದೆ. ಪಾದದ ಸ್ಪರ್ಶ ಮಂದವಾಗಿದ್ದರೆ ಬಿಸಿನೀರು ಸುಟ್ಟರೂ ಅವರಿಗೆ ತಿಳಿಯದು, ಹಾಗಾಗಿ ಪಾದ ತೊಳೆಯುವ ನೀರಿನ ಬಿಸಿಯನ್ನು ನಿಮ್ಮ ಮೊಣಕೈ ಅದ್ದಿ ನೋಡಿ.