ಬೂಸ್ಟ್‌ಗೆ ಇನ್ನೂ ಹತ್ತು ಸಾವಿರ ಹಾಕೋ ಮುಂಚೆ ಇದನ್ನ ಓದಿ

ಮೇಡಂ, ಈ ಗುಂಪಿನಲ್ಲಿ ನೀವು ಹಾಕಿದ ಪೋಸ್ಟು, ಸ್ಕ್ರೀನ್‌ಶಾಟು ಎರಡೂ ನೋಡಿದೆ. ಸರ್ಕಾರಿ ಶಾಲೆ ಮಕ್ಕಳ ನೋಟ್‌ಬುಕ್ ಕಿಟ್‌ಗೆ ಅಂತ ಫೇಸ್‌ಬುಕ್‌ನಲ್ಲಿ 5,000 ರೂಪಾಯಿ ಬೂಸ್ಟ್ ಹಾಕಿದ್ದೀರಿ, ಅಂದರೆ ದುಡ್ಡು ಕೊಟ್ಟು ಪೋಸ್ಟನ್ನ ಹೆಚ್ಚು ಜನಕ್ಕೆ ತೋರಿಸಿದ್ದೀರಿ. ರೀಚ್ (ಪೋಸ್ಟ್ ಕಂಡವರು) 62,000, ಲೈಕ್ 1,900, ಬಂದ ದಾನ ಮೂರು ಜನರಿಂದ 1,600. ಈಗ 10,000 ಹಾಕಿದರೆ ದುಪ್ಪಟ್ಟು ಬರಬಹುದಾ ಅಂತ ಕೇಳಿದ್ದೀರಿ. ಬರಲ್ಲ. ನಮ್ಮ ಟ್ರಸ್ಟ್‌ನಲ್ಲೂ ಇದೇ ತಪ್ಪು ಆಗಿದೆ, ಅದಕ್ಕೇ ಇಷ್ಟುದ್ದ ಬರೀತಿದ್ದೇನೆ.

5,000ದ ಮೇಲೆ 18% ಜಿಎಸ್‌ಟಿ, ಅಲ್ಲಿಗೆ 5,900. ಜಿಎಸ್‌ಟಿ ನೋಂದಣಿ ಇಲ್ಲದ ಟ್ರಸ್ಟ್‌ಗೆ ಆ 900 ವಾಪಸ್ ಬರೋ ದಾರಿಯೇ ಇಲ್ಲ. ನಿಮ್ಮ ಕಿಟ್‌ಗೆ 420 ಅಂತ ಬರೆದಿದ್ದೀರಿ, ಅಂದರೆ ಹದಿನಾಲ್ಕು ಮಕ್ಕಳ ಕಿಟ್ಟು ಜಾಹೀರಾತಿಗೆ ಹೋಯಿತು. ಬೂಸ್ಟ್ ಬಟನ್ ಮೋಸ ಮಾಡಿಲ್ಲ, ಕೇಳಿದ್ದನ್ನೇ ಕೊಟ್ಟಿದೆ. ಗುರಿಯನ್ನ ಎಂಗೇಜ್‌ಮೆಂಟ್‌ಗೆ (ಲೈಕ್, ಕಾಮೆಂಟ್, ಶೇರ್) ಬಿಟ್ಟಿದ್ದೀರಿ, ವಯಸ್ಸು 18ರಿಂದ 65, ಜಾಗ ಇಡೀ ಕರ್ನಾಟಕ. ಹಾಗೆ ಬಿಟ್ಟರೆ ಅದು ಸಿಕ್ಕಿದ್ದಕ್ಕೆಲ್ಲ ಲೈಕ್ ಒತ್ತುವ ಜನರನ್ನ ಹುಡುಕಿ ತೋರಿಸುತ್ತೆ. ಗುರುತಿಲ್ಲದ ಟ್ರಸ್ಟ್‌ಗೆ ದುಡ್ಡು ಹಾಕುವವರು ಆ ಗುಂಪಿನಲ್ಲಿ ಇರೋದು ಬೆರಳೆಣಿಕೆ.

ನಿಮ್ಮ ಪೋಸ್ಟ್ ಕೆಳಗೆ ಕಾಮೆಂಟಿನಲ್ಲಿ ಒಬ್ಬರು ‘ಸೇವೆ ಮಾಡೋರಿಗೆ ಪ್ರಚಾರ ಯಾಕೆ’ ಅಂತ ಬರೆದಿದ್ದಾರೆ. ಅದನ್ನೂ ಒಪ್ಪಲ್ಲ. ಮಾರ್ಕೆಟಿಂಗ್ ಅಂದರೆ ದುಡ್ಡು ಪೋಲು ಅನ್ನೋದರಿಂದ ನಮ್ಮಲ್ಲಿ ಎಲ್ಲರೂ ಶುರು ಮಾಡ್ತಾರೆ. ಆಮೇಲೆ ಒಂದು ಪೋಸ್ಟ್ ಚೆನ್ನಾಗಿ ಓಡಿದ ಕೂಡಲೇ ಫೇಸ್‌ಬುಕ್ಕೇ ಮಾರ್ಕೆಟಿಂಗ್ ಅಂದುಕೊಳ್ತಾರೆ. ಕೊಟ್ಟವರಿಗೆ ಕೊಟ್ಟಿದ್ದು ಏನಾಯಿತು ಅಂತ ತಿಳಿಸೋದೇ ಸಣ್ಣ ಸಂಸ್ಥೆಯ ಮಾರ್ಕೆಟಿಂಗ್. ಪೇಜ್ ಬೇಕೇ ಬೇಕು, ಯಾಕಂದರೆ ಯಾರೋ ಪರಿಚಯದವರು ನಿಮ್ಮ ಹೆಸರು ಹೇಳಿದಾಗ ಕೇಳಿಸಿಕೊಂಡವರು ಅಲ್ಲಿ ಬಂದು ನೋಡ್ತಾರೆ. ತಿಂಗಳಿಗೆ ಎರಡು ಪೋಸ್ಟ್ ಸಾಕು, ಒಂದರಲ್ಲಿ ಕೆಲಸ, ಒಂದರಲ್ಲಿ ಲೆಕ್ಕ.

ಈಗ ಕೆಲಸಕ್ಕೆ ಬರುವ ವಿಷಯ. ಆ ಮೂರು ಜನ ಇದ್ದಾರಲ್ಲ, ಅವರಿಗೆ ಇನ್ನೂ ಫೋನ್ ಮಾಡಿಲ್ಲ ಅಂತ ನೀವೇ ಬರೆದಿದ್ದೀರಿ. ತಪ್ಪು ಇದು, ಬೂಸ್ಟ್‌ಗಿಂತ ದೊಡ್ಡದು. ಇವತ್ತೇ ಮಾಡಿ.

ಟ್ರಸ್ಟ್‌ಗೆ ಅಂತಲೇ ಒಂದು ಸಿಮ್ ತಗೊಂಡು ವಾಟ್ಸಾಪ್ ಬಿಸಿನೆಸ್ ಹಾಕಿ. ಸ್ವಯಂಸೇವಕರ ಸ್ವಂತ ನಂಬರ್ ಬೇಡ, ಅವರು ಬಿಟ್ಟು ಹೋದರೆ ದಾನಿಗಳ ಪಟ್ಟಿಯೂ ಅವರ ಜೊತೆಗೇ ಹೋಗುತ್ತೆ. ಆಫೀಸಿನ ಲ್ಯಾಂಡ್‌ಲೈನ್ ನಂಬರ್‌ನಲ್ಲೂ ಆಗುತ್ತೆ, ಕೋಡ್ ಕರೆಯಲ್ಲಿ ಬರುತ್ತೆ. ಲೇಬಲ್ ನಾಲ್ಕೇ ಮಾಡಿ: ಈ ವರ್ಷದ ಕಿಟ್, ತಿಂಗಳ ದಾನಿ, ರಶೀದಿ ಬಾಕಿ, ವಿದೇಶ. ಜಾಸ್ತಿ ಮಾಡಿದರೆ ಯಾರೂ ಹಚ್ಚಲ್ಲ.

ದುಡ್ಡು ಬಂದ ದಿನವೇ ಹೆಸರು ಹಿಡಿದು ಇಪ್ಪತ್ತು ಸೆಕೆಂಡಿನ ವಾಯ್ಸ್ ಮೆಸೇಜ್. ರೆಡಿಮೇಡ್ ಥ್ಯಾಂಕ್ಯೂ ಕಾರ್ಡ್ ಬೇಡ, ಹಬ್ಬದ ಫಾರ್ವರ್ಡ್ ಅಂದುಕೊಂಡು ತೆರೆಯೋದೇ ಇಲ್ಲ. ಅದರ ಜೊತೆಗೇ ನಿಮ್ಮ ಕಾಂಟ್ಯಾಕ್ಟ್ ಕಾರ್ಡ್ ಕಳಿಸಿ ‘ಈ ನಂಬರ್ ಸೇವ್ ಮಾಡ್ಕೊಳ್ಳಿ, ಲೆಕ್ಕ ಇದರಲ್ಲೇ ಕಳಿಸ್ತೀವಿ’ ಅನ್ನಿ. ಇದನ್ನ ಬಿಟ್ಟರೆ ಮುಂದಿನದೆಲ್ಲ ದಂಡ. ಬ್ರಾಡ್‌ಕಾಸ್ಟ್ ಮೆಸೇಜ್ (ಒಂದೇ ಸಲ ಲಿಸ್ಟಿನ ಎಲ್ಲರಿಗೂ ಬೇರೆ ಬೇರೆಯಾಗಿ ಹೋಗೋದು) ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ಮುಟ್ಟುತ್ತೆ. ಒಂದು ಲಿಸ್ಟ್‌ಗೆ 256 ಜನ ಮಿತಿ. ‘ಕಳಿಸಿದೆವು, ಯಾರೂ ಉತ್ತರ ಕೊಡಲಿಲ್ಲ’ ಅಂತ ಇದೇ ಗುಂಪಿನಲ್ಲಿ ಎಷ್ಟೋ ಜನ ಗೊಣಗ್ತಾರೆ, ತಲುಪಿಯೇ ಇರಲ್ಲ.

ವಾರದೊಳಗೆ ರಶೀದಿ. ಕಿಟ್ ಹಂಚಿದ ವಾರ ಮೂರನೇ ಮೆಸೇಜ್, ಇದರಲ್ಲಿ ದುಡ್ಡು ಕೇಳಲೇಬಾರದು. ಹೀಗಿರಲಿ: ‘ನೀವು ಕೊಟ್ಟ 840ರಲ್ಲಿ ಎರಡು ಕಿಟ್ ಆಯಿತು. ಒಂದರಲ್ಲಿ 200 ಪುಟದ ಆರು ನೋಟ್‌ಬುಕ್, ಒಂದು ಜಾಮಿಟ್ರಿ ಬಾಕ್ಸ್, ಎರಡು ಪೆನ್. ಅಂಗಡಿ ಬಿಲ್ಲಿನ ಫೋಟೋ ಜೊತೆಗಿದೆ.’ ಬಿಲ್ಲನ್ನ ಮೇಜಿನ ಮೇಲೆ ಚಪ್ಪಟೆ ಇಟ್ಟು, ಒಟ್ಟು ಮೊತ್ತ ಕಾಣೋ ಹಾಗೆ ತೆಗೀರಿ. ಅದರ ಪಕ್ಕ ಇನ್ನೊಂದು ಫೋಟೋ: ನೋಟ್‌ಬುಕ್ಕಿನ ಲೇಬಲ್ ಮೇಲೆ ವಿಷಯದ ಹೆಸರು ಬರೀತಿರೋ ಮಗುವಿನ ಕೈ, ಮುಖ ಬೇಡ. ವೇದಿಕೆ, ಹಾರ, ಅಧ್ಯಕ್ಷರ ಭಾಷಣದ ಫೋಟೋಗೆ ಯಾರೂ ಎರಡನೇ ಸಲ ಕೊಡಲ್ಲ. ಮುಂದಿನ ಕೋರಿಕೆ ನಾಲ್ಕನೇ ಮೆಸೇಜ್‌ನಲ್ಲಿ, ಅದೂ ಮೇ ಮೊದಲ ವಾರ, ಶಾಲೆ ತೆರೆಯೋ ಮುಂಚೆ. ನೀವು ಜುಲೈನಲ್ಲಿ ಕೇಳಿದ್ದೀರಿ, ಅಷ್ಟೊತ್ತಿಗೆ ಮಕ್ಕಳ ಅಪ್ಪ ಅಮ್ಮ ಸಾಲ ಮಾಡಿ ಪುಸ್ತಕ ತಂದಿರ್ತಾರೆ.

ದಾನಿಗಳನ್ನೆಲ್ಲ ಒಂದು ಗ್ರೂಪಿಗೆ ತುಂಬಬೇಡಿ. ಎಲ್ಲರ ನಂಬರ್ ಎಲ್ಲರಿಗೂ ಕಾಣುತ್ತೆ, ಶುಭೋದಯ ಶುರುವಾಗುತ್ತೆ, ದೊಡ್ಡ ದಾನಿ ಮೊದಲು ಎದ್ದು ಹೋಗ್ತಾರೆ. ಬಲ್ಕ್ ಮೆಸೇಜ್ ಸಾಫ್ಟ್‌ವೇರ್, ಜಿಬಿ ವಾಟ್ಸಾಪ್ ಅನ್ನೋ ಅನಧಿಕೃತ ಆ್ಯಪ್ ಇವುಗಳ ಸಹವಾಸವೂ ಬೇಡ, ನಂಬರ್ ಬ್ಯಾನ್ ಆದರೆ ಕಟ್ಟಿದ ಪಟ್ಟಿ ಅಷ್ಟೂ ಹೋಯಿತು.

ನಿಮ್ಮ ಪೋಸ್ಟರ್‌ನಲ್ಲಿ ಯುಪಿಐ ಕ್ಯೂಆರ್ ಖಜಾಂಚಿಯವರ ಹೆಸರಲ್ಲಿದೆ. ದಯವಿಟ್ಟು ಮೊದಲು ತೆಗೀರಿ. ಸ್ಕ್ಯಾನ್ ಮಾಡಿದಾಗ ಟ್ರಸ್ಟ್ ಹೆಸರು ಬರದಿದ್ದರೆ ಅರ್ಧ ಜನ ಅಲ್ಲೇ ನಿಲ್ಲಿಸ್ತಾರೆ, ಆಡಿಟ್‌ನಲ್ಲೂ ತಲೆನೋವು. ಯುಪಿಐಯಲ್ಲಿ ಬಂದ ದುಡ್ಡಿಗೆ ವಿಳಾಸ, ಪ್ಯಾನ್ ಬರಲ್ಲ, ಕ್ಯೂಆರ್ ಕೆಳಗೇ ‘ಸ್ಕ್ರೀನ್‌ಶಾಟ್, ಹೆಸರು, ವಿಳಾಸ, ಪ್ಯಾನ್ ಈ ನಂಬರ್‌ಗೆ ಕಳಿಸಿ’ ಅಂತ ಹಾಕಿ. ಹೆಸರು, ವಿಳಾಸ ದಾಖಲೆಯಿಲ್ಲದ್ದು ಅನಾಮಿಕ ದಾನ ಅನ್ನಿಸಿಕೊಳ್ಳುತ್ತೆ. ಅಂಥದ್ದು ಒಂದು ಲಕ್ಷ ಅಥವಾ ಒಟ್ಟು ದಾನದ 5%, ಯಾವುದು ಹೆಚ್ಚೋ ಅದನ್ನ ಮೀರಿದರೆ ಮೀರಿದ ಭಾಗಕ್ಕೆ 30% ತೆರಿಗೆ. ವೈರಲ್ ಆದ ಪೋಸ್ಟ್‌ನಿಂದ ನೂರು ಇನ್ನೂರು ರೂಪಾಯಿಯಂತೆ ಬಂದು ಬೀಳುವಾಗ ಖುಷಿಯಲ್ಲಿ ಇದನ್ನ ಮರೀತಾರೆ.

ಪೋಸ್ಟರ್‌ನ ತಲೆಯಲ್ಲೇ ‘80ಜಿ ತೆರಿಗೆ ವಿನಾಯಿತಿ’ ಅಂತ ದಪ್ಪಕ್ಷರ ಯಾಕೆ? 80ಜಿ ಅಂದರೆ ದಾನ ಕೊಟ್ಟವರಿಗೆ ಸಿಗುವ ತೆರಿಗೆ ಕಡಿತ. ಹೊಸ ತೆರಿಗೆ ಪದ್ಧತಿಯಲ್ಲಿರುವ ಸಂಬಳದಾರರಿಗೆ ಅದು ಸಿಗೋದೇ ಇಲ್ಲ, 2023-24ರಿಂದ ಆ ಪದ್ಧತಿಯೇ ತಾನಾಗಿ ಬರೋದು. ಕೆಳಗೆ ಒಂದು ಸಾಲು ಸಾಕು. ನಗದಿನಲ್ಲಿ 2,000 ಮೀರಿದರೆ ಹಳೇ ಪದ್ಧತಿಯವರಿಗೂ ಸಿಗಲ್ಲ, ಇದನ್ನ ಮೊದಲೇ ಹೇಳಿಬಿಡಿ. ದಾನಿಗಳ ವಿವರವನ್ನ ತೆರಿಗೆ ಇಲಾಖೆಗೆ ಕೊಡುವ ಫಾರಂ 10ಬಿಡಿ ಸಲ್ಲಿಕೆಗೆ ಮೇ 31 ಕೊನೆ, ತಡವಾದರೆ ದಿನಕ್ಕೆ 200. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ, ಸೆಕ್ಷನ್ ನಂಬರ್‌ಗಳೆಲ್ಲ ಬದಲು, ಹಾಗಾಗಿ ರಶೀದಿ ಪುಸ್ತಕ ಪ್ರಿಂಟ್ ಹಾಕಿಸೋ ಮುಂಚೆ ಆಡಿಟರ್‌ಗೆ ತೋರಿಸಿ.

ಅಮೆರಿಕದ ಕನ್ನಡದವರು ಶೇರ್ ಮಾಡಿದ್ದಾರೆ ಅಂತ ಖುಷಿಪಟ್ಟಿದ್ದೀರಿ. ಇಲ್ಲಿ ಹುಷಾರು. ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ಪಡೆಯೋಕೆ ಬೇಕಾದ ಕೇಂದ್ರದ ನೋಂದಣಿ) ಇಲ್ಲದಿದ್ದರೆ ಭಾರತೀಯ ಪಾಸ್‌ಪೋರ್ಟ್ ಇರುವವರು ತಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕೊಟ್ಟದ್ದು ಮಾತ್ರ ತಗೋಬಹುದು. ಒಸಿಐ ಕಾರ್ಡ್ (ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಕೊಡೋದು) ಇದ್ದರೂ ಪೌರತ್ವ ಅಮೆರಿಕದ್ದಾದರೆ ಅದು ವಿದೇಶಿ ದೇಣಿಗೆ. ಊರಿನವರೇ, ನಿಮ್ಮ ಅಣ್ಣನೇ ಆಗಿರಲಿ. ಆನ್‌ಲೈನ್ ಪಾವತಿಗೆ ರೇಜರ್‌ಪೇ ಲಿಂಕ್ ಇದ್ದರೆ ಅಂತರರಾಷ್ಟ್ರೀಯ ಪಾವತಿ ಆಫ್ ಇದೆಯಾ ನೋಡಿ, ಪಾಸ್‌ಪೋರ್ಟ್ ಪ್ರತಿ ಕೇಳಿ ಇಟ್ಟುಕೊಳ್ಳಿ. ಕೇಳೋಕೆ ಸಂಕೋಚ ಬೇಡ, ತಿಳಿದವರು ಬೇಜಾರು ಮಾಡಿಕೊಳ್ಳಲ್ಲ.

ಫೋಟೋದಲ್ಲಿ ಮಕ್ಕಳನ್ನ ಕಿಟ್ ಹಿಡಿಸಿ ಸಾಲಾಗಿ ನಿಲ್ಲಿಸಿದ್ದೀರಿ, ಹಿಂದೆ ಶಾಲೆ ಬೋರ್ಡೂ ಕಾಣ್ತಿದೆ. ಪೋಷಕರ ಲಿಖಿತ ಒಪ್ಪಿಗೆ, ಮುಖ್ಯ ಶಿಕ್ಷಕರ ಅನುಮತಿ ಎರಡೂ ಇಲ್ಲದಿದ್ದರೆ ಇಳಿಸಿ. ನಾಳೆ ಬಾಲಮಂದಿರದಲ್ಲಿ ಹಂಚಿದರಂತೂ ಮುಖ, ಹೆಸರು, ಶಾಲೆ ಯಾವುದೂ ಹಾಕುವಂತಿಲ್ಲ. ಬಾಲನ್ಯಾಯ ಕಾಯ್ದೆ 2015ರ 74ನೇ ಸೆಕ್ಷನ್: ಆರು ತಿಂಗಳವರೆಗೆ ಜೈಲು, ಎರಡು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಕೈಚಾಚಿ ಇಸ್ಕೊಳ್ತಿರೋ ಮಗುವಿನ ಫೋಟೋ ಕಾನೂನು ಇಲ್ಲದಿದ್ದರೂ ಹಾಕಬಾರದು. ಆ ಮಗು ನಾಳೆ ಕಾಲೇಜಿಗೆ ಹೋಗುತ್ತೆ, ಫೋಟೋ ಅಲ್ಲೇ ಇರುತ್ತೆ.

ಜಾಹೀರಾತು ಬೇಕೇ ಬೇಕು ಅಂದರೆ ಗೂಗಲ್ ಆಡ್ ಗ್ರಾಂಟ್ಸ್ ನೋಡಿ. ಅರ್ಹ ಸಂಸ್ಥೆಗೆ ತಿಂಗಳಿಗೆ 10,000 ಡಾಲರ್‌ವರೆಗೆ ಸರ್ಚ್ ಜಾಹೀರಾತು ಪುಕ್ಕಟೆ. ಆದರೆ ಸ್ವಂತ ವೆಬ್‌ಸೈಟ್ ಬೇಕು, ಜಾಹೀರಾತು ನೂರು ಸಲ ಕಂಡರೆ ಐದು ಸಲವಾದರೂ ಕ್ಲಿಕ್ ಬರಬೇಕು, ಒಂದೇ ಪದದ ಕೀವರ್ಡ್ (ಜನ ಹುಡುಕುವ ಪದ) ನಡೆಯಲ್ಲ. ನೋಡಿಕೊಳ್ಳೋರು ಇಲ್ಲದಿದ್ದರೆ ಅರ್ಜಿ ಹಾಕಬೇಡಿ. ಪೋಸ್ಟರ್‌ಗೆ ಕ್ಯಾನ್ವಾ ಸಾಕು, ನೋಂದಾಯಿತ ಸಂಸ್ಥೆಗಳಿಗೆ ಅದರ ಪ್ರೊ ಸೌಲಭ್ಯ ಉಚಿತ. ಅಕ್ಷರಕ್ಕೆ ಬಲೂ ತಮ್ಮ ಅಥವಾ ನೋಟೋ ಸಾನ್ಸ್ ಕನ್ನಡ ಹಾಕಿ, ಒತ್ತಕ್ಷರ ಸರಿಯಾಗಿ ಕೂರುತ್ತೆ. ನಿಮ್ಮ ಪೋಸ್ಟ್‌ನ ಎರಡನೇ ಪ್ಯಾರಾ ಪೂರ್ತಿ ಚಿತ್ರವಿಚಿತ್ರ ಅಕ್ಷರವಾಗಿದೆ, ನುಡಿ ತಂತ್ರಾಂಶದ ಹಳೇ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನ ನೇರ ಅಂಟಿಸಿದ್ದೀರಿ. ಯೂನಿಕೋಡ್‌ಗೆ ಬದಲಿಸಿ ಮತ್ತೆ ಹಾಕಿ, ಕಿಟ್‌ನ ಬೆಲೆ ಇರೋದು ಅದೇ ಪ್ಯಾರಾದಲ್ಲಿ, 420 ಅನ್ನೋ ಅಂಕಿ ಬಿಟ್ಟರೆ ಏನೂ ಓದೋಕಾಗಲ್ಲ.